ಮೂಕಮ್ಮ ಬೊಂಬಾಯಿಯಿಂದ ತಂದ ಮಣ್ಣು

ಮೂಕಮ್ಮನ್ನ ನಾನು ಅಕ್ಕ ಅಂತೀನಿ, ಆದ್ರೆ ಒಡಹುಟ್ಟಿದ ಅಕ್ಕ ಅಲ್ಲ, ನೆಗೆಣ್ಣಿ. ಅವಳ ಗಂಡ ತಿಪ್ಪೇಶಪ್ಪ ಹಿರಿಯ, ನನ್ನ ಗಂಡ ಕಿರಿಯ. ಕತ್ತಲಗೆರೆಯಾಗೆ ಒಂದೇ ಗೋಡೆಗೆ ಆ ಕಡೆ ಅವಳ ಒಲೆ, ಈ ಕಡೆ ನನ್ನ ಒಲೆ. ನಾನು ಸವಳಂಗದೋಳು, ಅವಳು ಜಗಳೂರು ಕಡೆ ಹಟ್ಟಿಯೋಳು. ಈ ಮನೆಗೆ ಸೊಸೆಯಾಗಿ ಬಂದಾಗಿಂದ ನಾವಿಬ್ರೂ ಜಗಳ ಆಡದ ದಿನ ಇಲ್ಲ. ಜಗಳ ಅಂದ್ರೆ ನಾನೊಬ್ಳೇ ಆಡೋದು ಬಿಡ್ರಿ. ಅವಳು ಬಾಯಿ ಸತ್ತೋಳು. ನಾನು ಓಣಿಗೆಲ್ಲ ಕೇಳಂಗೆ ಕೂಗಾಡಿ ಸುಸ್ತಾಗಿ ಕೂತ ಮೇಲೆ ಮೆಲ್ಲಗೆ ಬಂದು, "ಆತೇನೇ ಲಕ್ಷ್ಮೀ? ಒಂದೀಟು ಹುಣಸೆಹಣ್ಣು ಇದ್ರೆ ಕೊಡು" ಅಂತಾಳೆ. ಇಂಥೋಳ ಜೊತೆ ಹೆಂಗ್ರೀ ಜಗಳ ಆಡೋದು?

ಅಡಿಕೆ ಸುಗ್ಗಿ ಬಂತಂದ್ರೆ ನಾವಿಬ್ರೂ ಸುಲಿಯಾಕೆ ಹೋಗ್ತೀವಿ. ನಾನು ಸುಲಿಯೋದು ಕಮ್ಮಿ, ಮಾತು ಜಾಸ್ತಿ. ಅವಳು ತಲೆ ಬಗ್ಗಿಸಿ ಕೂತ್ರೆ ಗೊನೆ ಖಾಲಿ ಆಗೋ ತನಕ ಎತ್ತಲ್ಲ. ಅಡಿಕೆ ಚೊಗರು ಹತ್ತಿ ಹತ್ತಿ ಅವಳ ಕೈ ಕರ್ರಗೆ ಆಗ್ಯಾವೆ, ಎಷ್ಟು ತಿಕ್ಕಿದ್ರೂ ಹೋಗಲ್ಲ. ಯಾರ ಮುಂದೂ ಏನೂ ಬೇಡಿದೋಳಲ್ಲ. ಬಾಣಂತಿ ಆಗಿದ್ದಾಗಲೂ "ಬಿಸಿನೀರು ಕೊಡ್ರಿ" ಅಂತ ಬಾಯಿಬಿಟ್ಟು ಕೇಳಲಿಲ್ಲ ಅಂತ ನಮ್ಮತ್ತೆ ಸಾಯೋ ತನಕ ಹೇಳೋಳು. ನನಗೆ ಅದಕ್ಕೂ ಸಿಟ್ಟು ಬರ್ತಿತ್ತು. ಅಷ್ಟು ಬಿಗುಮಾನ ಯಾತಕ್ಕೆ, ಬಾಯಿ ಇರೋದು ಯಾತಕ್ಕೆ ಅಂತ.

ಒಂದು ವಿಷಯಕ್ಕೆ ಮಾತ್ರ ಅವಳ ಬಾಯಿ ಬಿಚ್ಚೋದು. ಅದು ಅವಳ ತಮ್ಮ ಓಬಳೇಶನ ವಿಷಯಕ್ಕೆ. ಅವ್ವ ಸತ್ತಾಗ ಅವನಿನ್ನೂ ತೊಟ್ಟಿಲು ಬಿಟ್ಟು ಇಳಿದಿರಲಿಲ್ಲ. ಇವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ಲು. ಮೀಸೆ ಮೂಡೋ ವಯಸ್ಸಿಗೆ ಯಾರದೋ ಜೊತೆ ಬೊಂಬಾಯಿಗೆ ಹೋದೋನು ಅಲ್ಲೇ ನಿಂತ. ಮದುವೆ ಮಾಡ್ಕಳಲಿಲ್ಲ. ದೊಡ್ಡ ಬಿಲ್ಡಿಂಗಿಗೆ ವಾಚ್‌ಮನ್ ಆಗಿದ್ದ, ನಾರಿಮನ್ ಪಾಯಿಂಟ್ ಅನ್ನೋ ಜಾಗದಾಗೆ. ಆ ಹೆಸರು ಇವಳ ಬಾಯಾಗೆ ಎಷ್ಟು ಚೆಂದ ಹೊಳ್ಳೋದು ಅಂತೀರಿ! ಅಡಿಕೆ ಸುಲಿಯೋ ಹೆಂಗಸರಿಗೆಲ್ಲ, "ನನ್ನ ತಮ್ಮ ಕೂರೋದು ಸಮುದ್ರದ ದಂಡೆ ಮೇಲೆ. ಗಾಳಿ ಅಂದ್ರೆ ಗಾಳಿ" ಅಂತ ಹೇಳೋಳು. "ಉಪ್ಪುಗಾಳಿ ಕುಡಿದು ಹೊಟ್ಟೆ ತುಂಬ್ತದೇನಕ್ಕಾ?" ಅಂತ ನಾನು ಕಾಲೆಳೀತಿದ್ದೆ.

ಮೂಕಮ್ಮನ ಮಗಳು ಅರ್ಪಿತಾ ಚನ್ನಗಿರಿಯಾಗೆ ಡಿಗ್ರಿ ಮುಗಿಸಿದ್ಲು. ಓಬಳೇಶ ಕಾಯೋ ಬಿಲ್ಡಿಂಗಿನಾಗೇ ಮೇಲಿನ ಒಂದು ಆಫೀಸಿಗೆ ಹುಡುಗಿ ಬೇಕಾಗ್ಯಾಳೆ ಅಂತ ಅವನೇ ಸುದ್ದಿ ತಿಳ್ಕಂಡು ಅಕ್ಕನ ಮಗಳನ್ನ ಕರೆಸ್ಕಂಡ. ಕೆಲಸ ಸಿಕ್ತು. ಹುಡುಗಿ ಚುರುಕು. ಹಿಂದಿ, ಇಂಗ್ಲಿಷು ಎಲ್ಲ ಪಟಪಟ ಅಂತಾಳೆ. ನಮ್ಮ ಮನೆತನದಾಗೆ ತಿಂಗಳ ಸಂಬಳ ಎಣಿಸಿದ ಮೊದಲ ಹೆಣ್ಣುಮಗಳು ಅವಳೇ. ನನಗೂ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳ್ಲಿ.

ಈ ಮಳೆಗಾಲದಾಗೆ ಅರ್ಪಿತಾ ರಜೆ ಹಾಕಿ ಊರಿಗೆ ಬಂದಿದ್ಲು, ಗಂಡಿನ ಕಡೆಯೋರು ನೋಡಾಕೆ ಬರೋರಿದ್ರು. ಅವರು ಬಂದು ಮಂಡಕ್ಕಿ, ಮಿರ್ಚಿ ತಿಂದು ಹೋದ ಮಾರನೇ ದಿನ ಬೊಂಬಾಯಿಂದ ಫೋನು. ಓಬಳೇಶ ಗೇಟಿನ ಹತ್ರ ಕುರ್ಚಿ ಮೇಲೆ ಕೂತೋನು ಕೂತಂಗೇ ಎದೆ ಹಿಡ್ಕಂಡು ಬಿದ್ನಂತೆ. ಅಲ್ಲೇ ಪ್ರಾಣ ಹೋಗೈತೆ. ಅವನ ಮೊಬೈಲಿಗೆ ಬೀಗದ ನಂಬರು, ಯಾರಿಗೂ ತೆಗಿಯಾಕೆ ಆಗಿಲ್ಲ. ನಮ್ಮ ನಂಬರು ಹುಡುಕಿ ಹುಡುಕಿ ಸಿಕ್ಕೋಷ್ಟರಾಗೆ ಜೊತೆ ಕೆಲಸದೋರೇ ಸೇರಿ ಕರೆಂಟಿನ ಸುಡುಗಾಡಿನಾಗೆ ಸುಟ್ಟು, ಬೂದಿನ ಸಮುದ್ರಕ್ಕೆ ಬಿಟ್ಟಾಗಿತ್ತು. ಅವರದೇನು ತಪ್ಪು ಪಾಪ, ಇಷ್ಟಾದ್ರೂ ಮಾಡಿದ್ರಲ್ಲ.

ಮೂಕಮ್ಮ ಅಳಲಿಲ್ಲ. ಅರ್ಪಿತಾನೇ ಜಾಸ್ತಿ ಅತ್ತಿದ್ದು, "ಮಾವಾ, ಮಾವಾ" ಅಂತ ಗೋಡೆಗೆ ತಲೆ ಚಚ್ಕಂಡು. ಮೂಕಮ್ಮ ಸೆರಗು ಬಾಯಿಗೆ ಒತ್ತಿಕಂಡು ಕೂತೋಳು ಸಂಜೆಗೆ ಎದ್ದು, "ನಾನು ಮಣ್ಣು ತರಾಕೆ ಹೋಗ್ತೀನಿ" ಅಂದ್ಲು.

ಅವಳ ತವರಿನ ಮನೆತನದಾಗೆ ಒಂದು ಪದ್ಧತಿ ಐತೆ. ಅವರು ಹೂಳೋರು, ಸುಡೋರಲ್ಲ. ಪರಸ್ಥಳದಾಗೆ ಸತ್ತೋರ ಹೆಣ ಮನೆಗೆ ಬರಲಿಲ್ಲ ಅಂದ್ರೆ, ಅವರು ಪ್ರಾಣ ಬಿಟ್ಟ ಜಾಗದಿಂದ ಒಂದು ಹಿಡಿ ಮಣ್ಣು ತಂದು, ಅಪ್ಪ ಅವ್ವನ ಸಮಾಧಿ ಮಗ್ಗುಲಾಗೆ ಗುಂಡಿ ತೆಗೆದು ಹಾಕಬೇಕು. ಆಮೇಲೆ ನೆಂಟರೆಲ್ಲ ಮಣ್ಣು ಕೊಡಬೇಕು. ಆ ಹಿಡಿ ಮಣ್ಣನ್ನ ಒಡಹುಟ್ಟಿದ ಹೆಣ್ಣುಮಗಳೇ ತನ್ನ ಬಲಗೈಯಿಂದ ತೆಗೀಬೇಕು. ಅಲ್ಲಿ ತನಕ ತಿಥಿ ಇಲ್ಲ, ಸತ್ತೋನು ಇನ್ನೂ ದಾರಿಯಾಗೇ ಇದಾನೆ ಅಂತ ಲೆಕ್ಕ.

ತಿಪ್ಪೇಶಪ್ಪ ಭಾವ ಓದ್ಕಂಡೋನು, ಮನೆಯಾಗೆ ಬುದ್ಧನ ಫೋಟೋ ಇಟ್ಟೋನು. "ಇವೆಲ್ಲ ಯಾತಕ್ಕೆ? ಮನಸಿನಾಗೆ ನೆನೆಸ್ಕಂಡ್ರೆ ಸಾಕು" ಅಂದ. ಮೂಕಮ್ಮ, "ನೀವು ಮನಸಿನಾಗೆ ನೆನೆಸ್ಕಳ್ರಿ. ನಾನು ಹೋಗಿ ಬರ್ತೀನಿ" ಅಂದ್ಲು. ಇವಳ ಬಾಯಾಗೆ ಇಷ್ಟು ದೊಡ್ಡ ಮಾತು ಕೇಳಿ ಭಾವ ತಣ್ಣಗಾದ. ಒಬ್ಬಳನ್ನೇ ಹೆಂಗೆ ಕಳಿಸೋದು ಅಂತ ನಾನೂ ಹೊರಟೆ. ಅರ್ಪಿತಾಗೆ ರಜೆ ಮುಗಿದಿತ್ತು, ದಾರಿ ತೋರಿಸಾಕೆ, ಮಾತಾಡಾಕೆ ಅವಳು ಇದ್ದೇ ಇದ್ಲು. ಮಣ್ಣು ತಗಂಡು ಮೂವರೂ ಕೂಡಿ ವಾಪಸ್ ಬಂದು, ತಿಥಿ ಮುಗಿಸಿ ಅವಳು ಮತ್ತೆ ಹೋಗೋದು ಅಂತ ಮಾತಾತು. ಬುತ್ತಿ ಕಟ್ಕಂಡು ದಾವಣಗೆರೆಯಾಗೆ ರೈಲು ಹತ್ತಿದ್ವಿ.

ಬೊಂಬಾಯಿಯಾಗೆ ರಾತ್ರಿ ಅರ್ಪಿತಾನ ರೂಮಿನಾಗೆ ಮಲಗಿ, ಬೆಳಗ್ಗೆ ಲೋಕಲ್ ರೈಲು ಹತ್ತಿದ್ವಿ. ಅದೇನು ಜನರೀ! ಬಣವೆಗೆ ಹುಲ್ಲು ತುರುಕಿದಂಗೆ ತುರುಕಿದ್ರು. ನನ್ನ ಕಾಲು ಯಾರದೋ ಚಪ್ಪಲಿ ಅಡಿ, ನನ್ನ ಕೂದಲು ಯಾರದೋ ಬ್ಯಾಗಿನ ಜಿಪ್ಪಿನಾಗೆ. ನಾನು ಕನ್ನಡದಾಗೇ ಬಾಯಿಗೆ ಬಂದಂಗೆ ಬೈದೆ. "ಚಿಗವ್ವಾ, ಸುಮ್ಕಿರು, ಎಲ್ರೂ ನೋಡ್ತಾರೆ" ಅಂತ ಅರ್ಪಿತಾ ಹಲ್ಲು ಕಚ್ಚಿ ಅಂದ್ಲು. ಕೊನೇ ಸ್ಟೇಷನ್ನಿನಾಗೆ ಇಳಿದು ನಡಕಂಡು ಹೊರಟ್ವಿ. ಅವಳು ಇಸ್ತ್ರಿ ಮಾಡಿದ ಬಟ್ಟೆ ಹಾಕ್ಕಂಡು, ಮಳೆ ನಿಂತಿದ್ರೂ ಛತ್ರಿ ಬಿಚ್ಕಂಡು ಮುಂದೆ ಮುಂದೆ ನಡೀತಿದ್ಲು. ನಾವು ಚೀಲ ಹೊತ್ಕಂಡು ಹಿಂದೆ. ದಾರಿ ತೋರಿಸೋಳು ಮುಂದೆ ಹೋಗಬೇಕಲ್ಲ, ನಾನೇನೂ ಅನ್ಕಳಲಿಲ್ಲ.

ಸಮುದ್ರ ಕಂಡಾಗ ಮಾತ್ರ ನನ್ನ ಬಾಯಿ ನಿಂತು ಹೋತು. ಹೊನ್ನಾಳಿ ಹೊಳೆ ತುಂಬಿ ಹರಿಯೋದು ನೋಡಿದೋಳು ನಾನು. ಅದಕ್ಕೆ ಆಚೆ ದಡ ಐತೆ, ಇದಕ್ಕೆ ಇಲ್ಲ. ಉದ್ದಕ್ಕೂ ಕಟ್ಟೆ, ಕಟ್ಟೆ ಕೆಳಗೆ ನಾಲ್ಕು ಕಾಲಿನ ಸಿಮೆಂಟು ಗುಂಡುಗಳನ್ನ ರಾಶಿ ಒಟ್ಟ್ಯಾರೆ. ಅಲೆ ಬಂದು ಅದಕ್ಕೆ ಬಡಿದ್ರೆ ಮೈಮೇಲೆಲ್ಲ ನೀರು. ಈ ಕಡೆ ತಿರುಗಿದ್ರೆ ಮುಗಿಲು ಮುಟ್ಟೋ ಬಿಲ್ಡಿಂಗುಗಳು, ಎಲ್ಲ ಗಾಜು.

"ಇದೆಲ್ಲ ಮುಂಚೆ ಸಮುದ್ರ ಇತ್ತವ್ವ" ಅಂದ್ಲು ಅರ್ಪಿತಾ. "ಕಲ್ಲು, ಮಣ್ಣು ತಂದು ಸುರಿದು ಮುಚ್ಚ್ಯಾರೆ. ಈಗ ನಾವು ನಿಂತಿರೋದು ಸಮುದ್ರದ ಮೇಲೆ."

"ಅಯ್ಯೋ ಶಿವನೇ! ನಮ್ಮ ಕಡೆ ಕೆರೆ ಮುಚ್ಚಿ ಸೈಟು ಮಾಡ್ತಾರೆ, ಇವರು ಸಮುದ್ರಕ್ಕೇ ಕೈ ಹಾಕ್ಯಾರಲ್ಲ!" ಅಂದೆ ನಾನು.

ಮೂಕಮ್ಮ ಕಾಲಡಿ ನೋಡ್ತಿದ್ಲು. "ಹಂಗಾದ್ರೆ ಮಣ್ಣು ಎಲ್ಲೈತೆ?" ಅಂದ್ಲು.

ಅವಾಗ ನಾನೂ ನೋಡಿದೆ. ಮಣ್ಣು ಇಲ್ಲವೇ ಇಲ್ಲ! ನಡಿಯಾಕೆ ಸಿಮೆಂಟು ಬಿಲ್ಲೆ, ರೋಡಿಗೆ ಡಾಂಬರು, ಬಿಲ್ಡಿಂಗ್ ಮುಂದೆ ಕನ್ನಡಿ ಹಂಗೆ ಹೊಳಿಯೋ ಕಲ್ಲು. ಮರಗಳ ಬುಡಕ್ಕೂ ಕಬ್ಬಿಣದ ಜಾಲರಿ ಹೊದಿಸಿ ಬಿಗಿದ್ಯಾರೆ. ಮನುಷ್ಯರು ಓಡಾಡೋ ಜಾಗ ಅಂದ ಮೇಲೆ ಬೊಗಸೆ ಮಣ್ಣು ಇರಬಾರದೇನ್ರೀ? ಮಣ್ಣು ತಂದು ಸುರಿದು ಮಾಡಿದ ಜಾಗದಾಗೆ ಮಣ್ಣು ಹುಡುಕಂಗಾತು ನಮ್ಮ ಪಾಡು.

ಕಟ್ಟೆ ಮೇಲೆ ಕೂತಾಗ ಮಗಳು ಅವ್ವನಿಗೆ ಮಾವ ಕೂರ್ತಿದ್ದ ಬಿಲ್ಡಿಂಗು ಬೆರಳು ಮಾಡಿ ತೋರಿಸಿದ್ಲು. ರೋಡಿನ ಆ ಕಡೆಗೇ ಇತ್ತು. "ಮಾವ ದಿನಾ ಬೆಳಗ್ಗೆ ನನಗೆ ಸಲ್ಯೂಟ್ ಹೊಡೀತಿದ್ದ. 'ಗುಡ್ ಮಾರ್ನಿಂಗ್ ಮೇಡಂ' ಅಂತಿದ್ದ" ಅಂತ ಹೇಳಿ ಕಣ್ಣಾಗೆ ನೀರು ತಂದ್ಕಂಡ್ಲು.

"ನಿನಗ್ಯಾಕೆ ಮೇಡಂ ಅಂತಿದ್ದ?" ಅಂದೆ ನಾನು.

"ಮಾವನೇ ಹೇಳಿದ್ದ ಚಿಗವ್ವ. ವಾಚ್‌ಮನ್‌ನ ಅಕ್ಕನ ಮಗಳು ಅಂತ ಗೊತ್ತಾದ್ರೆ ಆಫೀಸಿನಾಗೆ ಬೆಲೆ ಕೊಡಲ್ಲ, ಯಾರಿಗೂ ಹೇಳಬೇಡ ಅಂತ. ಇಲ್ಲಿ ಯಾರಿಗೂ ಗೊತ್ತಿಲ್ಲ."

ನನಗೆ ಒಂಥರಾ ಆತು. ತನ್ನ ತೊಡೆ ಮೇಲೆ ಆಡಿಸಿದ ಮಗುವಿಗೆ ಮೀಸೆ ನರೆತ ಗಂಡಸು ಎದ್ದು ನಿಂತು ಕೈ ಎತ್ತೋದು ಅಂದ್ರೆ! ಆದ್ರೂ ಅವನು ಹುಡುಗಿ ಒಳ್ಳೇದಕ್ಕೇ ಹೇಳ್ಯಾನೆ ಅಂತ ಸುಮ್ಕಾದೆ.

ಅರ್ಪಿತಾ ಎದ್ಲು. "ನಾನು ಮೇಲೆ ಹೋಗಿ ಇನ್ನೂ ಸ್ವಲ್ಪ ರಜೆ ಕೇಳ್ಕಂಡು ಬರ್ತೀನಿ. ನೀವು ಇಲ್ಲಿಂದ ಏಳಬ್ಯಾಡ್ರಿ. ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಅಲ್ಲಿ ಹೂವಿನ ಕುಂಡ ಅದಾವೆ, ನಾನೇ ಒಂದು ಕವರಿನಾಗೆ ಮಣ್ಣು ತುಂಬ್ಕಂಡು ಬರ್ತೀನಿ."

"ನಾನೇ ತೆಗೀಬೇಕಲ್ಲೇ" ಅಂದ್ಲು ಮೂಕಮ್ಮ.

"ಯಾರು ತೆಗೆದ್ರೇನವ್ವ, ಅಲ್ಲಿ ಯಾರು ನೋಡ್ತಾರೆ?" ಅಂತ ಅಂದು ರೋಡು ದಾಟಿ ಹೋದ್ಲು.

ನಾವು ಕೂತ್ವಿ. ಬಿಸಿಲು ಬಂತು, ಮತ್ತೆ ಮೋಡ ಆತು. ನಾನು ಬುತ್ತಿ ಬಿಚ್ಚಿ ರೊಟ್ಟಿ ಶೇಂಗಾ ಚಟ್ನಿ ತಿಂದೆ, ಅವಳು ಮುಟ್ಟಲಿಲ್ಲ. ಬಿಲ್ಡಿಂಗಿನ ಗೇಟನ್ನೇ ನೋಡ್ತಿದ್ಲು. ಅಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿ ಮೇಲೆ ಬೇರೆ ಯಾರೋ ಹುಡುಗ ಟೋಪಿ ಹಾಕ್ಕಂಡು ಕೂತಿದ್ದ. ಅವನು ಒಳಗೆ ಹೋದ. ಅಷ್ಟೇ ನೋಡ್ರಿ, ಇವಳು ಎದ್ದೇಬಿಟ್ಲು. "ಅಕ್ಕಾ, ಎಲ್ಲಿಗೇ? ಹುಡುಗಿ ಏಳಬ್ಯಾಡ ಅಂದಾಳೆ!" ಅಂತ ನಾನು ಚೀಲ ಎತ್ಕಂಡು ಹಿಂದೆ ಓಡಿದೆ. ಕಾರುಗಳು ಪೋಂ ಪೋಂ ಅಂತಾವೆ, ಅವಳಿಗೆ ಕಿವಿ ಇಲ್ಲ.

ಕುರ್ಚಿ ಮುಂದೆ ಹೋಗಿ ಚಪ್ಪಲಿ ಬಿಟ್ಲು. ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕಂಡ್ಲು. ಕುರ್ಚಿ ಪಕ್ಕಕ್ಕೇ ದೊಡ್ಡ ಕುಂಡ, ಮಳೆಗೆ ಮಣ್ಣು ನೆಂದು ಹದವಾಗಿತ್ತು. ಬಲಗೈ ಇಟ್ಟು ಒಂದು ಹಿಡಿ ತೆಗೆದ್ಲು. ಅವಾಗ ಅವಳ ಬಾಯಿಂದ ಒಂದೇ ಮಾತು ಬಂದಿದ್ದು, "ಬಾರಪ್ಪ, ಮನೆಗೆ ಹೋಗನ" ಅಂತ.

"ಏಯ್!" ಅಂತ ಕೂಗು. ಟೋಪಿ ಹುಡುಗ ಓಡಿ ಬಂದು ಅವಳ ಮುಂಗೈ ಹಿಡ್ಕಂಡ. ಹಿಂದೀಲಿ ಏನೇನೋ ಅಂತಾನೆ. ಗಿಡ ಕೀಳಾಕೆ ಬಂದಾಳೆ ಅನ್ಕಂಡ್ನೋ, ಭಿಕ್ಷೆಯೋಳು ಅನ್ಕಂಡ್ನೋ. ನಾನು ಬಿಡ್ತೀನಾ? "ಕೈ ಬಿಡೋ ನನ್ನ ಸವತಿ ಮಗನೇ! ಅವಳ ತಮ್ಮ ಸತ್ತಿರೋದು ಇಲ್ಲಿ! ನಿನ್ನ ಕುರ್ಚಿ ಮೇಲೇ ಕೂತಿದ್ದ ಕಣೋ!" ಅಂತ ಕೂಗಾಡಿದೆ. ಅವನಿಗೆ ಕನ್ನಡ ಬರಲ್ಲ, ನನಗೆ ಅದು ಬಿಟ್ರೆ ಬೇರೆ ಬರಲ್ಲ. ಹೋಗೋ ಬರೋ ಜನ ನಿಂತ್ರು. ಒಬ್ಬ ಮೊಬೈಲು ಎತ್ತಿ ಹಿಡಿದ.

ಆಗ ಗಾಜಿನ ಬಾಗಿಲು ತೆರೀತು. ಆಫೀಸಿನೋರು ಊಟಕ್ಕೋ ಯಾತಕ್ಕೋ ಗುಂಪಾಗಿ ಬಂದ್ರು. ಟೈ ಕಟ್ಟಿದೋನೊಬ್ಬ, ಇಬ್ಬರು ಹುಡುಗಿಯರು, ಅವರ ನಡುವೆ ನಮ್ಮ ಅರ್ಪಿತಾ. ಸದ್ಯ, ದೇವರು ಬಂದಂಗೆ ಬಂದ್ಲು ಅನ್ಕಂಡೆ. ಟೋಪಿ ಹುಡುಗನೂ ಅವಳನ್ನ ನೋಡಿ, "ಮೇಡಂ, ಮೇಡಂ, ಕರ್ನಾಟಕ" ಅಂತ ನಮ್ಮ ಕಡೆ ಕೈ ತೋರಿಸಿದ. ಮೇಡಂಗೆ ಇವರ ಭಾಷೆ ಬರ್ತದೆ, ಕೇಳ್ರಿ ಅಂತ ಇರಬೇಕು. ಟೈ ಕಟ್ಟಿದೋನೂ ಅವಳ ಕಡೆ ತಿರುಗಿದ.

ಅರ್ಪಿತಾ ಹತ್ರ ಬಂದ್ಲು. ಮುಖ ಬಿಳಿಚಿತ್ತು. ಅವ್ವನ ಮುಖ ನೋಡಲಿಲ್ಲ, ಕೈಯಾಗಿನ ಮಣ್ಣು ನೋಡಿದ್ಲು. ನೋಡಿ ಕೇಳಿದ್ಲು:

"ಏನಮ್ಮ, ಏನ್ ಬೇಕಾಗಿತ್ತು ನಿಮಗೆ? ಇಲ್ಲಿ ಮಣ್ಣು ತಗೋಬಾರದು ಅಂತ ಗೊತ್ತಿಲ್ವಾ?"

ನಿಮಗೆ! ಹುಟ್ಟಿದಾಗಿಂದ 'ಅವ್ವಾ, ನೀನು' ಅಂದ ಬಾಯಿ ಅದು. ಸಿಟ್ಟು ಬಂದಾಗ 'ಹೋಗೇ ಅವ್ವ' ಅಂತ ಅಂದ ಬಾಯಿ. ಬಸ್‌ಸ್ಟ್ಯಾಂಡಿನಾಗೆ ಗುರುತಿಲ್ಲದ ಮುದುಕಿನ ಕೇಳಂಗೆ ಕೇಳ್ತು. ನಾನು ಬಾಯಿ ತೆರೆದೆ, "ಏನೇ ನಿನ್ನ..." ಅನ್ನೋಷ್ಟರಾಗೆ ಮೂಕಮ್ಮ ಎಡಗೈಯಿಂದ ನನ್ನ ರಟ್ಟೆ ಹಿಡಿದ್ಲು. ಉಗುರು ಇಳಿಯಂಗೆ ಹಿಡಿದ್ಲು.

"ಏನಿಲ್ರಿ ಮೇಡಂ" ಅಂದ್ಲು ಮಗಳಿಗೆ. "ಒಂದು ಹಿಡಿ ಮಣ್ಣು ಬೇಕಾಗಿತ್ತು. ಗೊತ್ತಾಗ್ಲಿಲ್ಲ. ತಪ್ಪಾತು."

ಟೈ ಕಟ್ಟಿದೋನು ಅರ್ಪಿತಾನ್ನ ಏನೋ ಕೇಳಿದ. ಕೇಳ್ತಾ ಒಂದು ಸಲ ಮೂಕಮ್ಮನ ಕಡೆ, ಒಂದು ಸಲ ಅವಳ ಕಡೆ ಬೆರಳು ಆಡಿಸಿದ. ಅರ್ಪಿತಾ ತಲೆ ಅಲ್ಲಾಡಿಸಿ, "ನಹೀ, ನಹೀ ಸರ್" ಅಂದ್ಲು. ಎರಡು ಸಲ ಅಂದ್ಲು. ಅದನ್ನ ತಿಳ್ಕಳಾಕೆ ಯಾವ ಇಸ್ಕೂಲಿಗೆ ಹೋಗಬೇಕ್ರೀ?

ನೆಲ ಬಾಯಿ ಬಿಟ್ಟು ನನ್ನ ನುಂಗಬಾರದಾ ಅಂತಾರಲ್ಲ, ನನಗೆ ಹಂಗೇ ಅನಿಸ್ತು. ಅಲ್ಲಿ ನೆಲ ಅನ್ನೋದೇ ಇರಲಿಲ್ಲ, ನುಂಗೋದೆಲ್ಲಿಂದ ಬಂತು. ಆ ಹುಡುಗಿಗೆ ಎಣ್ಣೆ ಹಚ್ಚಿ ನೀರು ಹಾಕಿದ ಕೈ ನಂದು. ತಪ್ಪು ಯಾರದೋ, ತಲೆ ತಗ್ಗಿಸಿ ನಿಂತೋಳು ನಾನು.

ಮೂಕಮ್ಮ ತಾನೇ ಕುಂಡದ ಮೇಲೆ ಕೈ ಚಾಚಿ ಮುಷ್ಟಿ ಬಿಚ್ಚಿದ್ಲು. ಮಣ್ಣು ಮುದ್ದೆಯಾಗಿ ಬಿತ್ತು. ಟೋಪಿ ಹುಡುಗ ಕೈ ಬಿಟ್ಟ. ಪಾಪ, ಅವನಿಗೂ ಯಾಕೋ ಕಸಿವಿಸಿ ಆಗಿರಬೇಕು, ಅವಳ ಚಪ್ಪಲಿನ ಕಾಲಿನಿಂದ ಮೆಲ್ಲಗೆ ಅವಳ ಕಡೆ ಸರಿಸಿದ. ಅವಳು ಬಲಗೈ ಮತ್ತೆ ಮುಚ್ಕಂಡು, ಅದಕ್ಕೆ ಸೆರಗು ಸುತ್ಕಂಡು 'ನಡಿಯೇ' ಅಂದ್ಲು. ಆಫೀಸಿನೋರು ಮಾತಾಡ್ಕಂಡು ಹೊರಟೋದ್ರು. ಅರ್ಪಿತಾನೂ ಅವರ ಜೊತೆಗೇ ಹೋದ್ಲು. ಹಿಂದೆ ತಿರುಗಿ ನೋಡ್ತಾಳೇನೋ ಅಂತ ನಾನು ನೋಡಿದ್ದೇ ನೋಡಿದ್ದು. ಇಲ್ಲ.

ಕಟ್ಟೆ ಮೇಲೆ ಕೂತು ನಾನು ಬೈದೆ, ಅತ್ತೆ, ಮತ್ತೆ ಬೈದೆ. "ಹೆತ್ತೋಳನ್ನೇ ಗೊತ್ತಿಲ್ಲ ಅಂದ್ಲಲ್ಲೇ ಅಕ್ಕಾ! ಅವಳ ಬಾಯಿಗೆ ಹುಳ ಬೀಳ!" ಅಂದೆ. ಮೂಕಮ್ಮ, "ಕೆಟ್ಟ ಮಾತು ಆಡಬ್ಯಾಡ. ಅವಳಿನ್ನೂ ಬಾಳಿ ಬದುಕಬೇಕು" ಅಂದ್ಲು. ಬರೋ ದಾರೀಲಿ ದೊಡ್ಡ ಮೈದಾನ ನೋಡಿದ್ವಲ್ಲ, ಅಲ್ಲಿ ಮಣ್ಣು ಐತೆ, ಅಲ್ಲೇ ಒಂದು ಹಿಡಿ ತಗಂಡು ಹೋಗನ, ಯಾರಿಗೆ ಗೊತ್ತಾಗ್ತದೆ ಅಂದೆ. "ನನ್ನ ತಮ್ಮ ಅಲ್ಲಿ ಸತ್ತಿಲ್ಲ" ಅಂದ್ಲು. ಸೆರಗು ಬಿಚ್ಚಿ ಕೈ ತೋರಿಸಿದ್ಲು. ಅಂಗೈ ಗೆರೆಯಾಗೆಲ್ಲ, ಉಗುರಿನ ಸಂದಿಯಾಗೆಲ್ಲ ಹಸಿ ಮಣ್ಣು ಮೆತ್ತಿತ್ತು. "ಇಷ್ಟು ಉಳಿದೈತೆ. ಊರು ಮುಟ್ಟೋ ತನಕ ಇದನ್ನ ತೊಳಿಯಲ್ಲ. ನನಗೆ ನೀನೇ ತುತ್ತು ಹಾಕಬೇಕು" ಅಂದ್ಲು. ಬಾಣಂತಿಯಾಗಿ ಬಿಸಿನೀರು ಕೇಳದೋಳು ನನ್ನ ಹತ್ರ ಕೇಳಿದ್ಲು. ನಾನು ಹೂಂ ಅಂದೆ.

ಅರ್ಪಿತಾ ಬಂದಿದ್ದು ಹೊತ್ತು ಇಳಿದ ಮೇಲೆ. ಓಡ್ಕಂಡು ಬಂದು ಅವ್ವನ ಕಾಲ ಹತ್ರ ಕುಸಿದು ಕೂತ್ಲು. "ಅವ್ವಾ, ನಾನು ಏನ್ ಮಾಡ್ಲಿ? ಅವರು ನಮ್ಮ ಸಾಹೇಬ್ರು. ಮಾವನೇ ಹೇಳಿದ್ದ ಯಾರಿಗೂ ಹೇಳಬೇಡ ಅಂತ... ನನ್ನ ಬಾಯಿಂದ ಹೆಂಗೆ ಬಂತೋ ಗೊತ್ತಿಲ್ಲವ್ವ. ಬೈಯವ್ವ ನನಗೆ. ಹೊಡಿ."

"ಎದ್ದೇಳು, ರೈಲಿಗೆ ಹೊತ್ತಾಗ್ತದೆ" ಅಂದ್ಲು ಮೂಕಮ್ಮ.

ನಾನು ಬಿಡಲಿಲ್ಲ. ರೈಲಿನಾಗೆ ಅರ್ಪಿತಾಗೆ ಮುಖಕ್ಕೆ ಹೊಡೆದಂಗೆ ಅಂದೆ. "ಹತ್ತಿದ ಏಣಿ ಒದಿಯೋದು ಅಂದ್ರೆ ಇದೇ ನೋಡವ್ವ. ನಿಮ್ಮವ್ವ ಅಡಿಕೆ ಸುಲಿದು ಸುಲಿದು ನಿನಗೆ ಓದಿಸಿದ್ಲು. ಆ ಕೈ ನೋಡಿ ನಿನಗೆ ನಾಚಿಕೆ ಆತಾ?" ಅಂದೆ. ಅವಳು ಕಿಟಕಿ ಕಡೆ ಮುಖ ಮಾಡಿ, "ಹೌದು ಚಿಗವ್ವ, ಆತು. ಈಗ ಅದು ನೆನೆಸ್ಕಂಡು ನಾಚಿಕೆ ಆಗ್ತೈತೆ" ಅಂದ್ಲು. ಇಷ್ಟು ನೇರವಾಗಿ ಅಂತಾಳೆ ಅಂತ ನಾನು ಅನ್ಕಂಡಿರಲಿಲ್ಲ. ನನ್ನ ಸಿಟ್ಟು ಅರ್ಧಕ್ಕೆ ನಿಂತು ಹೋತು. ಮೂಕಮ್ಮ ನನ್ನ ಕಡೆ ತಿರುಗಿ, "ಊರಾಗೆ ಈ ಮಾತು ಬರಬಾರದು. ಬಂದ್ರೆ ನಿನಗೂ ನನಗೂ ಮಾತು ಮುಗೀತು" ಅಂದ್ಲು.

ನಾನು ಚಿತ್ರಾನ್ನ ಕಲಸಿ ತುತ್ತು ಮಾಡಿ ಹಾಕ್ತಿದ್ದೆ. ಅರ್ಪಿತಾ ತಾನೂ ಒಂದು ತುತ್ತು ಮಾಡಿ ಹಿಡಿದ್ಲು. "ನೀನು ಉಣ್ಣು ಮಗಳೇ, ಬೆಳಗಿಂದ ಏನೂ ತಿಂದಿಲ್ಲ ನೀನು" ಅಂದ್ಲು ಮೂಕಮ್ಮ. ದನಿ ಎಂದಿನಂಗೇ ಇತ್ತು. ಅರ್ಪಿತಾಗೆ ಜೀವ ಬಂದಂಗಾತು. ನನಗೂ ಅಷ್ಟೇ. ತಾಯಿ ಹೊಟ್ಟೆ, ನುಂಗ್ಕಂಡ್ಲು ಅನ್ಕಂಡೆ.

ದಾವಣಗೆರೆಯಾಗೆ ಇಳಿದು ಸೀದಾ ಜಗಳೂರು ಬಸ್ಸು ಹತ್ತಿದ್ವಿ. ಹಟ್ಟಿಯ ಸ್ಮಶಾನದಾಗೆ ನೆಂಟರೆಲ್ಲ ಕಾಯ್ತಿದ್ರು. ಮೂಕಮ್ಮನ ಚಿಕ್ಕಪ್ಪ ಚಿತ್ತಪ್ಪಜ್ಜ ಮನೆತನಕ್ಕೆ ಹಿರಿಯ, ಕೋಲು ಊರ್ಕಂಡು ಮುಂದೆ ನಿಂತಿದ್ದ. ಅಪ್ಪ ಅವ್ವನ ಸಮಾಧಿ ಮಗ್ಗುಲಾಗೆ ಗುಂಡಿ ತೆಗೆದು, ಊದಿನಕಡ್ಡಿ ಹಚ್ಚಿದ್ರು.

"ಎಲ್ಲಿ ತಾಯಿ, ನನ್ನ ಕೂಸಿನ ಮಣ್ಣು ಹಾಕು" ಅಂದ ಅಜ್ಜ.

ಮೂಕಮ್ಮ ಗುಂಡಿ ಮುಂದೆ ಕೂತು ಸೆರಗು ಬಿಚ್ಚಿದ್ಲು. ಒಣಗಿದ ಬರೀ ಅಂಗೈ. ಜನ ಒಬ್ಬರ ಮುಖ ಒಬ್ಬರು ನೋಡಿದ್ರು. "ನೀರು" ಅಂದ್ಲು. ಪೂಜೆ ಚೊಂಬು ಹಿಡ್ಕಂಡು ಹತ್ರ ನಿಂತೋಳು ಅರ್ಪಿತಾನೇ. ಬಗ್ಗಿ ನೀರು ಹುಯ್ದ್ಲು. ಮೂಕಮ್ಮ ಗುಂಡಿ ಮೇಲೆ ಕೈ ಹಿಡಿದು ಒಂದೊಂದೇ ಬೆರಳು ತಿಕ್ಕಿದ್ಲು. ಬಗ್ಗಡ ನೀರು ಒಂದೀಟು ಗುಂಡಿಗೆ ಇಳೀತು.

ಚಿತ್ತಪ್ಪಜ್ಜಗೆ ತಡಿಯಾಕೆ ಆಗಲಿಲ್ಲ. "ಇಷ್ಟೇನಾ? ಅಷ್ಟು ದೂರ ಹೋಗಿ ಒಂದು ಹಿಡಿ ಮಣ್ಣು ಸಿಗಲಿಲ್ವಾ ನಿನಗೆ?"

"ಅಲ್ಲಿ ಮಣ್ಣಿಲ್ಲ ಚಿಕ್ಕಪ್ಪ. ಸಮುದ್ರ ಮುಚ್ಚಿ ಕಟ್ಟ್ಯಾರೆ, ಎಲ್ಲ ಕಲ್ಲು. ಒಂದು ಕುಂಡದಾಗಿತ್ತು, ತಗಳಾಕೆ ಬಿಡಲಿಲ್ಲ."

"ಒಡಹುಟ್ಟಿದೋಳು ಅಂತ ಬಿಡಿಸಿ ಹೇಳಬೇಕಿತ್ತು! ನಮ್ಮ ಭಾಷೆ ಬರೋರು ಒಬ್ರೂ ಇರಲಿಲ್ವಾ ಆ ಊರಾಗೆ?"

ನೀರಿನ ಧಾರೆ ಅತ್ತಿತ್ತ ನಡುಗ್ತು. ಮೂಕಮ್ಮ ತಲೆ ಎತ್ತದೆ, ಕಿರುಬೆರಳು ತಿಕ್ಕುತ್ತಲೇ ಹೇಳಿದ್ಲು:

"ಇದ್ರು ಚಿಕ್ಕಪ್ಪ. ಒಬ್ರು ಮೇಡಂ ಇದ್ರು. ಕನ್ನಡದಾಗೇ ಮಾತಾಡಿಸಿದ್ರು, ಬೈಯಲಿಲ್ಲ. ಆದ್ರೆ ನಾನು ಯಾರು ಅಂತ ಅವರಿಗೆ ಗೊತ್ತಿರಲಿಲ್ಲ."

ಮಗಳ ಮಾನ ಕಾಪಾಡಿದ್ಲೋ, ಮಗಳನ್ನ ಅಲ್ಲೇ ಹೂತ್ಲೋ, ನನಗೆ ಇವತ್ತಿಗೂ ತಿಳಿಯಲ್ಲ. ಚೊಂಬಿನಾಗೆ ನೀರು ಮುಗಿದಿತ್ತು, ಅರ್ಪಿತಾ ಇನ್ನೂ ಬಗ್ಗಿಸ್ಕಂಡೇ ನಿಂತಿದ್ಲು. ಮೂಕಮ್ಮ ಕೈ ಒದರಿ ಎದ್ದು ನಿಂತು, ಹೆತ್ತ ಮಗಳ ಮುಖ ನೋಡಿ, "ಸಾಕು ಬಿಡ್ರಿ" ಅಂದ್ಲು.